ಡಾಲ್ಫಿನ್ ಕಾರಿಗೊಂದು ಅಚ್ಚು

ನಿಮಗೆ ಫೆರಾರಿ ಬೇಕಾ? ಸಿಗುತ್ತೆ. ಪೋರ್ಶೆ, ನಿಸಾನ್ ಸ್ಕೈಲೈನ್, ಹಳೇ ಮಿನಿ ಕೂಪರ್, ಯಾವುದು ಬೇಕಾದರೂ ಸಿಗುತ್ತೆ. ನಿಜವಾದ ಕಾರಲ್ಲ ಬಿಡಿ, ಇಪ್ಪತ್ನಾಲ್ಕನೇ ಒಂದು ಪಾಲಿಗೆ ಇಳಿಸಿದ ಪ್ಲಾಸ್ಟಿಕ್ ಕಿಟ್. ಜಪಾನಿನ ಟಮಿಯಾದಂಥ ಕಂಪನಿಗಳು ಸೀಟು, ಸ್ಟೀರಿಂಗ್, ಸೈಲೆನ್ಸರ್ ಎಲ್ಲವನ್ನೂ ಬಿಡಿಬಿಡಿಯಾಗಿ ಡಬ್ಬಿಯಲ್ಲಿ ತುಂಬಿ ಕೊಡ್ತಾರೆ, ನಾವು ಕೂತು ಅಂಟಿಸಿ ಬಣ್ಣ ಹೊಡೀಬೇಕು. ಅಂಬಾಸಿಡರ್ ಬೇಕಂದ್ರೆ ಸೆಂಟಿ ಟಾಯ್ಸ್‌ನವರ, ಹಿಂದಕ್ಕೆ ಎಳೆದು ಬಿಟ್ಟರೆ ಮುಂದಕ್ಕೆ ಓಡೋ ಆಟಿಕೆಯಾದರೂ ಇದೆ. ಆದರೆ ಸಿಪಾನಿ ಡಾಲ್ಫಿನ್ ಬೇಕು ಅಂತ ಕೇಳಿ ನೋಡಿ. ಅಂಗಡಿಯವನು, "ಮೀನಿಂದಾ ಮೇಡಂ?" ಅಂತಾನೆ.

ಅವನ ಮೇಲೆ ನನಗೇನೂ ಕೋಪ ಇಲ್ಲ. ಇದನ್ನ ಓದ್ತಿರೋ ನಿಮ್ಮಲ್ಲೂ ಬಹಳ ಜನಕ್ಕೆ ಡಾಲ್ಫಿನ್ ಅಂದ್ರೆ ಏನು ಅಂತ ಗೊತ್ತಿರಲಿಕ್ಕಿಲ್ಲ. ಅದು ನಮ್ಮ ಬೆಂಗಳೂರಿನಲ್ಲೇ ತಯಾರಾದ ಕಾರು. ಮೊದಲು ಬಾದಲ್ ಅನ್ನೋ ಮೂರು ಚಕ್ರದ ಗಾಡಿ ಮಾಡಿದ್ದ ಇಲ್ಲಿನ ಕಂಪನಿಯೇ 1982ರ ಸುಮಾರಿಗೆ ಡಾಲ್ಫಿನ್ ತಂತು. ವಿನ್ಯಾಸ ಇಂಗ್ಲೆಂಡಿನ ರಿಲಯಂಟ್ ಕಿಟನ್ ಅನ್ನೋ ಕಾರಿನದು. ರಿಲಯನ್ಸ್ ಅಲ್ಲ, ರಿಲಯಂಟ್. ಎರಡು ಬಾಗಿಲು, 848 ಸಿಸಿ ಎಂಜಿನ್, ಮೈಯೆಲ್ಲ ಫೈಬರ್ ಗ್ಲಾಸ್. ಹಗುರ ಇದ್ದದ್ದರಿಂದ ಆಗಿನ ರ್‍ಯಾಲಿಗಳಲ್ಲಿ ಒಳ್ಳೇ ಹೆಸರು ಮಾಡಿತ್ತು. ಆದರೆ 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಆಮೇಲೆ ಏನಾಯ್ತು ಅಂತ ವಿವರಿಸಬೇಕಾಗಿಲ್ಲ. ನೀವು ಇವತ್ತು ರಸ್ತೆಯಲ್ಲಿ ಡಾಲ್ಫಿನ್ ನೋಡಿಲ್ಲ ಅನ್ನೋದೇ ವಿವರಣೆ.

ನಮ್ಮನೇಲಿ ಒಂದಿತ್ತು. ಅಪ್ಪ ತುಮಕೂರಿನ ಬ್ಯಾಂಕೊಂದರಲ್ಲಿ ಗುಮಾಸ್ತರಾಗಿದ್ದಾಗ, 1989ರಲ್ಲಿ, ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು. ಕೆನೆ ಬಣ್ಣ. ಬೀದಿಯಲ್ಲಿ ಅದಕ್ಕೆ ಇದ್ದ ಹೆಸರು 'ಪ್ಲಾಸ್ಟಿಕ್ ಕಾರು'. ಹುಡುಗರು ಹೋಗ್ತಾ ಬರ್ತಾ ಬಾನೆಟ್ ಮೇಲೆ ಬೆರಳಲ್ಲಿ ಟಕ ಟಕ ಅಂತ ಕುಟ್ಟಿ, ಬಕೆಟ್ ಸದ್ದು ಬಂತು ಅಂತ ನಗೋರು. ಬ್ಯಾಂಕಿನಲ್ಲಿ ಅಪ್ಪನ ಪಕ್ಕದ ಕೌಂಟರಿನವರು, "ರಾಯರೇ, ಬಿಸಿಲಲ್ಲಿ ನಿಲ್ಲಿಸಬೇಡಿ, ಸಂಜೆ ಹೊತ್ತಿಗೆ ಕರಗಿರುತ್ತೆ" ಅನ್ನೋರು. ಅಪ್ಪನದು ಒಂದೇ ಉತ್ತರ: "ತುಕ್ಕು ಹಿಡಿಯಲ್ಲ ರೀ." 1998ರಲ್ಲಿ ಗಾಡಿ ಓಡೋ ಸ್ಥಿತಿಯಲ್ಲಿರಲಿಲ್ಲ, ಬಿಡಿಭಾಗ ಸಿಗ್ತಿರಲಿಲ್ಲ. ಗುಜರಿಯವನನ್ನು ಕರೆಸಿದರು. ಅವನೂ ಬಾನೆಟ್ ಮೇಲೆ ಕುಟ್ಟಿ ನೋಡಿದ. "ಇದರಲ್ಲಿ ಕಬ್ಬಿಣ ಎಲ್ಲಿದೆ ಸಾರ್? ಚಾಸಿಗೆ, ಎಂಜಿನ್ನಿಗೆ ಮಾತ್ರ ಕಾಸು. ಮೈ ಬೇಕಿದ್ರೆ ನೀವೇ ಇಟ್ಕೊಳ್ಳಿ" ಅಂದ. ಅಪ್ಪ ಏನೂ ಮಾತಾಡದೆ ಒಳಗೆ ಹೋದರು. ನನಗಾಗ ಹತ್ತು ವರ್ಷ. ಅಪ್ಪನ ಬೆನ್ನು ನೆನಪಿದೆ.

ಈಗ ಅಪ್ಪನಿಗೆ ಎಪ್ಪತ್ತು ದಾಟಿದೆ, ಎರಡೂ ಕಣ್ಣಿಗೆ ಗ್ಲಾಕೋಮಾ. ಈ ಕಾಯಿಲೆ ನೋಟವನ್ನ ಅಂಚಿನಿಂದ ತಿನ್ನುತ್ತಾ ಬರುತ್ತೆ. ಹೋದ ನೋಟ ವಾಪಸ್ ಬರಲ್ಲ, ಉಳಿದದ್ದನ್ನ ಹನಿ ಹಾಕಿಕೊಂಡು ಕಾಪಾಡಿಕೊಳ್ಳಬೇಕು ಅಷ್ಟೇ. ಅಪ್ಪನ ಮಾತಲ್ಲೇ ಹೇಳೋದಾದರೆ, ಪೈಪ್ ಒಳಗಿಂದ ನೋಡಿದ ಹಾಗೆ. ಬೀದಿಯಲ್ಲಿ ನಿಂತ ಕಾರು ಅವರಿಗೆ ಒಂದೇ ಸಲಕ್ಕೆ ಕಾಣಲ್ಲ, ಹೆಡ್‌ಲೈಟು, ಆಮೇಲೆ ಬಾಗಿಲು, ಆಮೇಲೆ ಹಿಂದಿನ ಗಾಜು, ಹೀಗೆ ಕಂತುಕಂತಾಗಿ ಕಾಣುತ್ತೆ. ಆದರೆ ಕೈ ಚಾಚಿ ಹಿಡಿದ ಸಣ್ಣ ವಸ್ತು ಪೂರ್ತಿ ಕಾಣುತ್ತೆ. ಸುಮಾರು 3.3 ಮೀಟರ್ ಉದ್ದದ ಕಾರನ್ನ 1:24ಕ್ಕೆ ಇಳಿಸಿದರೆ 14 ಸೆಂಟಿಮೀಟರಿಗೆ ಒಂಚೂರು ಕಡಿಮೆ. ಅಪ್ಪನ ಪೈಪಿನೊಳಗೆ ಹಿಡಿಸೋ ಅಳತೆ. ಯಾರೂ ಮಾಡಿ ಮಾರಲ್ಲ ಅಂದಮೇಲೆ ನಾನೇ ಮಾಡಬೇಕಿತ್ತು. ಎಷ್ಟು ದಿನ ಟೈಮ್ ಇದೆ ಅಂತ ಹೇಳೋದಕ್ಕೆ ಯಾವ ಡಾಕ್ಟರಿಗೂ ಆಗಲ್ಲ.

ಯಾರೂ ಯಾಕೆ ಮಾಡಲ್ಲ ಅನ್ನೋದಕ್ಕೆ ಸರಳ ಲೆಕ್ಕ ಇದೆ. ಪ್ಲಾಸ್ಟಿಕ್ ಕಿಟ್ ತಯಾರಾಗೋದು ಉಕ್ಕಿನ ಡೈಗಳಲ್ಲಿ. ಆ ಡೈ ಕೊರೆಯೋದಕ್ಕೇ ಲಕ್ಷಗಟ್ಟಲೆ ಖರ್ಚು, ಸಾವಿರಾರು ಡಬ್ಬಿ ಮಾರಿದರೆ ಮಾತ್ರ ಗಿಟ್ಟುತ್ತೆ. ಫೆರಾರಿ ಸಾವಿರಾರು ಮಾರಾಟವಾಗುತ್ತೆ. ಡಾಲ್ಫಿನ್ ಮಾರಾಟವಾದರೆ ನನಗೊಂದು, ಇನ್ನೆಲ್ಲೋ ನನ್ನಂಥ ನಾಲ್ಕು ಜನಕ್ಕೆ ನಾಲ್ಕು. ಇಂಥ ಕಡೆ ಉಪಯೋಗಕ್ಕೆ ಬರೋದು ರೆಸಿನ್. ಉಕ್ಕಿನ ಡೈ ಬದಲು ರಬ್ಬರಿನ ಅಚ್ಚು, ಅದಕ್ಕೆ ಎರಡು ದ್ರವ ಕಲಸಿ ಹೊಯ್ದರೆ ತಾನೇ ಗಟ್ಟಿಯಾಗುತ್ತೆ. ಮೆಷಿನ್ ಬೇಡ, ಕುಲುಮೆ ಬೇಡ, ಒಂದು ಮೇಜು ಸಾಕು. ಎಂಬತ್ತರ ದಶಕದ ಜಪಾನಿನಲ್ಲಿ ಹವ್ಯಾಸಿಗಳು ಹೀಗೆ ಮನೆಯಲ್ಲೇ ಹೊಯ್ದು ಕೈಯೆಣಿಕೆಯಷ್ಟು ಮಾರ್ತಿದ್ದ ಕಿಟ್‌ಗಳಿಗೆ ಗರಾಜ್ ಕಿಟ್ ಅಂತಲೇ ಹೆಸರಾಯ್ತು.

ತಮಾಷೆ ಏನು ಗೊತ್ತಾ? ಡಾಲ್ಫಿನ್ ಹುಟ್ಟಿದ್ದೂ ಇದೇ ಲೆಕ್ಕದಿಂದ. ಉಕ್ಕಿನ ಮೈ ಬೇಕಂದ್ರೆ ದೊಡ್ಡ ದೊಡ್ಡ ಪ್ರೆಸ್ಸು, ಡೈ ಬೇಕು, ಲಕ್ಷಾಂತರ ಕಾರು ಮಾರಬೇಕು. ಫೈಬರ್ ಗ್ಲಾಸ್ ಆದರೆ ಒಂದು ಅಚ್ಚು ಮಾಡಿಕೊಂಡು, ಅದರೊಳಗೆ ಗಾಜಿನ ನಾರಿನ ಹಾಸು ಹಾಸಿ, ರೆಸಿನ್ ಬಳಿದು, ಒಣಗಿದ ಮೇಲೆ ಎತ್ತಿದರೆ ಕಾರಿನ ಮೈ ಸಿದ್ಧ. ಅಮೆರಿಕದಲ್ಲಿ 1953ರ ಮೊದಲ ಕಾರ್ವೆಟ್, ಇಂಗ್ಲೆಂಡಿನಲ್ಲಿ ಲೋಟಸ್, ರಿಲಯಂಟ್, ಎಲ್ಲ ಸಣ್ಣ ಸಂಖ್ಯೆಯಲ್ಲಿ ಮಾಡೋರು ಹಿಡಿದ ದಾರಿ ಇದು. ಅಂದ್ರೆ ನಮ್ಮ ಕಾರೂ ಒಂದು ರೆಸಿನ್ ಎರಕವೇ. ಅದನ್ನ ರೆಸಿನ್‌ನಲ್ಲಿ ಮಾಡೋದು ನಕಲು ಅನ್ನಿಸಲಿಲ್ಲ ನನಗೆ. ಅದೇ ವಸ್ತು, ಅಳತೆ ಮಾತ್ರ ಬೇರೆ.

ಮೊದಲು ಎದುರಾಗಿದ್ದು ಚಕ್ರ. ಕಿಟನ್‌ನ ಚಕ್ರ 10 ಇಂಚಿನದು, ಮಾರುತಿ 800ರ 12 ಇಂಚಿಗಿಂತಲೂ ಚಿಕ್ಕದು. ಯಾವುದೋ ಕಿಟ್‌ನಲ್ಲಿ ಉಳಿದ ಚಕ್ರ ತಂದು ಸಿಕ್ಕಿಸಿದರೆ ಡಾಲ್ಫಿನ್ ಟ್ರ್ಯಾಕ್ಟರ್ ಆಗುತ್ತೆ. 10 ಇಂಚು ಅಂದ್ರೆ 254 ಮಿಲಿಮೀಟರ್, ಇಪ್ಪತ್ನಾಲ್ಕರಿಂದ ಭಾಗಿಸಿದರೆ ಹತ್ತೂವರೆ ಮಿಲಿಮೀಟರ್. ನನ್ನ ಕಿರುಬೆರಳಿನ ಉಗುರಿಗಿಂತ ಒಂಚೂರು ಅಗಲ. ಇದೇ ರಿಮ್ ಉಳಿದದ್ದಕ್ಕೆಲ್ಲ ಅಳತೆಗೋಲೂ ಆಯ್ತು. ಮನೆಯಲ್ಲಿ ಕಾರು ಪಕ್ಕದಿಂದ ಪೂರ್ತಿ ಕಾಣೋ ಫೋಟೋ ಇರೋದು ಒಂದೇ. ಅದರಲ್ಲಿ ರಿಮ್ ಎಷ್ಟು ಮಿಲಿಮೀಟರ್, ಬಾಗಿಲು ಎಷ್ಟು, ಕಿಟಕಿ ಎಷ್ಟು ಅಂತ ಅಳೆದು, ರಿಮ್ ಲೆಕ್ಕದಲ್ಲಿ ಗುಣಿಸುತ್ತಾ ಹೋದೆ. ಮುಂದಿನದು, ಹಿಂದಿನದು ಎಲ್ಲ ಅಪ್ಪನ ಬಾಯಿಲೆಕ್ಕ. "ನಂಬರ್ ಪ್ಲೇಟಿನ ಮೇಲೆ ನನ್ನ ಅಂಗೈ ಅಡ್ಡ ಹಿಡಿದರೆ ಡಿಕ್ಕಿ ಅಂಚು ತಾಗ್ತಿತ್ತು" ಅಂತಾರೆ. ಅಪ್ಪನ ಅಂಗೈ ಅಳೀತೀನಿ.

ಎರಕದ ಕೆಲಸದಲ್ಲಿ ಮೊದಲು ಮಾಡಿಕೊಳ್ಳೋ ಮೂಲಕ್ಕೆ ಮಾಸ್ಟರ್ ಅಂತಾರೆ. ಪ್ಲಾಸ್ಟಿಕ್ ಹಾಳೆಯ ಬಿಲ್ಲೆಗಳನ್ನ ಒಂದರ ಮೇಲೊಂದು ಅಂಟಿಸಿ, ಸಣ್ಣ ಡ್ರಿಲ್‌ಗೆ ಸಿಕ್ಕಿಸಿ ತಿರುಗಿಸ್ತಾ ಮರಳು ಕಾಗದದಲ್ಲಿ ಉಜ್ಜಿ, ಸುತ್ತ ತೂತು ಕೊರೆದು ಒಂದು ಚಕ್ರ ಮಾಡೋದಕ್ಕೆ ನನಗೆ ಮೂರು ವಾರದ ಸಂಜೆಗಳು ಬೇಕಾದವು. ಇನ್ನೂ ಮೂರು ಮಾಡಬಹುದಿತ್ತು. ಆದರೆ ಕೈಯಲ್ಲಿ ಮಾಡಿದ ನಾಲ್ಕು ಚಕ್ರ ನಾಲ್ಕು ಥರ ಇರ್ತವೆ, ಕಣ್ಣು ಅದನ್ನ ತಕ್ಷಣ ಹಿಡಿಯುತ್ತೆ. ಒಂದನ್ನ ಚೆನ್ನಾಗಿ ಮಾಡು, ಉಳಿದದ್ದನ್ನ ಅಚ್ಚಿಗೆ ಬಿಡು. ಈ ಹವ್ಯಾಸದ ತತ್ವ ಇಷ್ಟೇ.

ಇಲ್ಲಿ ಆಫೀಸಿನವರೆಲ್ಲ ಕೇಳೋ ಪ್ರಶ್ನೆ: ತ್ರೀಡಿ ಪ್ರಿಂಟರ್ ಇಲ್ವಾ? ಇದೆ. ಎಷ್ಟೋ ಜನ ಈಗ ಮಾಸ್ಟರನ್ನ ಪ್ರಿಂಟ್ ಮಾಡಿಕೊಂಡು, ಅದರ ಪದರದ ಗೆರೆಗಳನ್ನ ಉಜ್ಜಿ ನುಣ್ಣಗೆ ಮಾಡಿ, ಆಮೇಲೆ ಎರಕ ಹೊಯ್ತಾರೆ. ಒಳ್ಳೇ ದಾರಿಯೇ. ಆದರೆ ಪ್ರಿಂಟರಿಗೆ ಕಂಪ್ಯೂಟರಿನಲ್ಲಿ ಬಿಡಿಸಿದ ಚಿತ್ರ ಬೇಕು, ಆ ಚಿತ್ರವನ್ನ ಅಪ್ಪ ಪರದೆ ಮೇಲೆ ನೋಡಿ ಸರಿ ಇದೆ, ಇಲ್ಲ ಅನ್ನೋ ಹಾಗಿಲ್ಲ. ಕೈಗೆ ಕೊಟ್ಟರೆ ಹೇಳ್ತಾರೆ. ಹೆಬ್ಬೆರಳಲ್ಲಿ ಸವರಿ, "ಹಬ್ ಕ್ಯಾಪ್ ಇಷ್ಟು ಚಪ್ಪಟೆ ಇರಲಿಲ್ಲ ಕಣೇ, ಇಡ್ಲಿ ಥರ ಇತ್ತು" ಅಂತಾರೆ. ಎರಡು ಹನಿ ಎಪಾಕ್ಸಿ ಪುಟ್ಟಿ ಹಚ್ಚಿ, ಉಜ್ಜಿ, ಮತ್ತೆ ಕೊಡ್ತೀನಿ.

ಅಚ್ಚಿನ ವಿಷಯಕ್ಕೆ ಬಂದಾಗ ನಮ್ಮನೇಲಿ ನನಗಿಂತ ಹಿರಿಯ ತಜ್ಞೆ ಇದ್ದಾರೆ ಅಂತ ಗೊತ್ತಾಯ್ತು. ಅಮ್ಮ. ಸಂಕ್ರಾಂತಿ ಬಂತಂದ್ರೆ ಅಟ್ಟದಿಂದ ಸಕ್ಕರೆ ಅಚ್ಚಿನ ಮರದ ಮಣೆಗಳು ಇಳೀತವೆ. ಗಿಳಿ, ಮೀನು, ಗೋಪುರ, ತುಳಸಿಕಟ್ಟೆ. ಎರಡೆರಡು ಹೋಳು, ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿ ತಲೆಕೆಳಗಾಗಿ ನಿಲ್ಲಿಸಿ, ತಳದ ಕಡೆಯಿಂದ ಪಾಕ ಹೊಯ್ಯೋದು. ಮಣೆ ನೀರಲ್ಲಿ ನೆನೆದಿರಬೇಕು, ಇಲ್ಲಾಂದ್ರೆ ಸಕ್ಕರೆ ಕಚ್ಚಿಕೊಳ್ಳುತ್ತೆ. ಪಾಕ ಬೆಳ್ಳಗಾದ ತಕ್ಷಣ ಹೊಯ್ಯಬೇಕು, ಒಂದು ನಿಮಿಷ ತಡವಾದರೆ ಪಾತ್ರೆಯಲ್ಲೇ ಕೂತುಬಿಡುತ್ತೆ. ನನ್ನ ಮೇಜಿನ ಮೇಲಿನ ಸರಂಜಾಮು ನೋಡಿ ಅಮ್ಮ ಕೇಳಿದ ಮೊದಲ ಮಾತು, "ಗಾಳಿ ಎಲ್ಲಿಂದ ಹೋಗುತ್ತೆ?" ಇದಕ್ಕಿಂತ ಒಳ್ಳೇ ಪ್ರಶ್ನೆ ಎರಕದ ಕೆಲಸದಲ್ಲಿ ಇಲ್ಲ. ಅಚ್ಚಿನೊಳಗೆ ಮೊದಲೇ ತುಂಬಿರೋದು ಗಾಳಿ, ರೆಸಿನ್ ಒಳಗೆ ಬರಬೇಕಂದ್ರೆ ಗಾಳಿ ಹೊರಗೆ ಹೋಗಬೇಕು. ಗಿಳಿಯ ಕೊಕ್ಕು ಯಾಕೆ ಯಾವಾಗಲೂ ಕೆಳಗೆ ಅಂದ್ರೆ ಇದಕ್ಕೇ. ಸೂಕ್ಷ್ಮ ಭಾಗ ತಳದಲ್ಲಿದ್ದರೆ ಗುಳ್ಳೆ ಎದ್ದು ಮೇಲೆ, ಯಾರೂ ನೋಡದ ಕಡೆ, ಸೇರಿಕೊಳ್ಳುತ್ತೆ. ಚಕ್ರದ ಮುಖವನ್ನೂ ಹಾಗೇ ಕೆಳಗೆ ಮಾಡಿದೆ.

ನೀವೂ ಮಾಡಿ ನೋಡೋದಾದರೆ ಕ್ರಮ ಹೀಗಿದೆ. ಮಕ್ಕಳ ಲೆಗೋ ಇಟ್ಟಿಗೆಗಳಿಂದ ಸಣ್ಣ ಪೆಟ್ಟಿಗೆ ಕಟ್ಟಿ. ಚಪ್ಪಟೆ ಬೆನ್ನಿನ ಭಾಗ ಆದರೆ ಮಾಸ್ಟರನ್ನ ತಳಕ್ಕೆ ಅಂಟಿಸಿದರೆ ಸಾಕು. ಎಲ್ಲ ಕಡೆ ಆಕಾರ ಇರೋ ಭಾಗ ಆದರೆ ಅರ್ಧ ಜೇಡಿಯಲ್ಲಿ ಹೂತು, ಸುತ್ತ ಪೆನ್ಸಿಲ್ ತುದಿಯಿಂದ ಗುಳಿ ಒತ್ತಿ. ಈ ಗುಳಿಗಳೇ ಆಮೇಲೆ ಎರಡು ಹೋಳುಗಳನ್ನ ಒಂದಕ್ಕೊಂದು ಸರಿಯಾಗಿ ಕೂರಿಸೋದು. ಎಷ್ಟು ರಬ್ಬರ್ ಬೇಕು ಅಂತ ತಿಳಿಯೋಕೆ ಪೆಟ್ಟಿಗೆಗೆ ರಾಗಿ ತುಂಬಿ, ಆ ರಾಗಿಯನ್ನ ಅಳತೆ ಲೋಟಕ್ಕೆ ಸುರಿದು ನೋಡಿ. ಸಿಲಿಕೋನ್ ರಬ್ಬರ್ ಅಗ್ಗ ಅಲ್ಲ, ಕಿಲೋಗೆ ಸಾವಿರ ರೂಪಾಯಿ ಆಚೀಚೆ, ಸುಮ್ಮನೆ ಜಾಸ್ತಿ ಕಲಸೋ ಹಾಗಿಲ್ಲ. ಗಟ್ಟಿಕಾರಕ ಹಾಕಿ ಕಲಸಿ, ಮೊದಲು ಬ್ರಷ್‌ನಲ್ಲಿ ಮಾಸ್ಟರ್ ಮೇಲೆ ತೆಳ್ಳಗೆ ಬಳಿದು, ಆಮೇಲೆ ಪೆಟ್ಟಿಗೆಯ ಒಂದು ಮೂಲೆಯಲ್ಲಿ ಎತ್ತರದಿಂದ ದಾರದ ಹಾಗೆ ಸಣ್ಣಗೆ ಹೊಯ್ಯಿರಿ. ಬೀಳೋ ದಾರ ತೆಳ್ಳಗಾದಷ್ಟೂ ಅದರೊಳಗಿನ ಗುಳ್ಳೆ ಒಡೆಯುತ್ತೆ. ಮರುದಿನ ಎರಡನೇ ಅರ್ಧ ಹೊಯ್ಯೋ ಮೊದಲು ಮೊದಲರ್ಧಕ್ಕೆ ವ್ಯಾಸಲೀನ್ ಸವರಲೇಬೇಕು. ಸಿಲಿಕೋನ್ ಬೇರೆ ಹೆಚ್ಚಿನ ವಸ್ತುಗಳಿಗೆ ಅಂಟಲ್ಲ, ತನಗೆ ತಾನು ಮಾತ್ರ ಬಿಡದ ಹಾಗೆ ಅಂಟುತ್ತೆ.

ರಬ್ಬರಿನಲ್ಲಿ ಎರಡು ಜಾತಿ. ತವರ ಆಧಾರದ್ದು ಅಗ್ಗ, ಹಟ ಕಡಿಮೆ, ಆದರೆ ಒಂಚೂರು ಕುಗ್ಗುತ್ತೆ. ಪ್ಲಾಟಿನಂ ಆಧಾರದ್ದು ಹೆಚ್ಚುಕಡಿಮೆ ಕುಗ್ಗಲ್ಲ, ಆದರೆ ಮಹಾ ಮಡಿವಂತ. ಗಂಧಕ ಇರೋ ಜೇಡಿ, ಲೇಟೆಕ್ಸ್ ಕೈಗವಸು, ಸರಿಯಾಗಿ ಒಣಗದ ತ್ರೀಡಿ ಪ್ರಿಂಟ್, ಯಾವುದು ಸೋಕಿದರೂ ಗಟ್ಟಿಯಾಗದೆ ಹಾಗೇ ಅಂಟಂಟು ಉಳಿಯುತ್ತೆ. ನಾನು ತವರದ್ದನ್ನೇ ಆರಿಸಿಕೊಂಡೆ. ಹತ್ತು ಮಿಲಿಮೀಟರ್ ಚಕ್ರದಲ್ಲಿ ಕುಗ್ಗಿದ್ದು ಅಪ್ಪನ ಬೆರಳಿಗೂ ಸಿಗಲ್ಲ.

ಇನ್ನು ರೆಸಿನ್. ರೆಸಿನ್ ಅಂದ ಕೂಡಲೇ ಬೆಂಗಳೂರಿನ ಅಂಗಡಿಯವರಿಗೆ ಹೊಳೆಯೋದು ಒಣಗಿದ ಹೂವು ಹಾಕಿದ ಕೋಸ್ಟರ್, ಕೀಚೈನ್. "ಯಾವ ಹೂವು ಹಾಕ್ತೀರಾ ಮೇಡಂ?" ಅಂತ ಒಬ್ಬರು, "ಮಗು ಹೆಸರು ಬರೆಸ್ತೀರಾ?" ಅಂತ ಇನ್ನೊಬ್ಬರು. "ಬಂಪರ್ ಮಾಡ್ಬೇಕು" ಅಂದಾಗ ಬರೋ ಮೌನ ನನಗೆ ಅಭ್ಯಾಸವಾಗಿದೆ. ಅವರು ಕೊಡೋದು ಎಪಾಕ್ಸಿ, ಗಾಜಿನಂತೆ ತಿಳಿ, ಗಟ್ಟಿಯಾಗೋಕೆ ಒಂದು ದಿನ. ಕಾರಿನ ಸಣ್ಣ ಭಾಗಗಳಿಗೆ ಬೇಕಾದ್ದು ಪಾಲಿಯುರಿಥೇನ್. ಎರಡು ಬಾಟಲಿ, ಸಮ ಪ್ರಮಾಣದಲ್ಲಿ ಕಲಸಬೇಕು, ಕಲಸಿದ ಮೇಲೆ ಮೂರ್ನಾಲ್ಕು ನಿಮಿಷ ಕೈಯಲ್ಲಿರುತ್ತೆ. ನೋಡ್ತಾ ಇದ್ದ ಹಾಗೇ ತಿಳಿಯಾಗಿದ್ದದ್ದು ಬಿಸಿಯಾಗಿ, ಹಾಲಿನ ಹಾಗೆ ಬೆಳ್ಳಗಾಗಿ, ಕಲ್ಲಾಗುತ್ತೆ. ಅರ್ಧ ಗಂಟೆಯಲ್ಲಿ ಅಚ್ಚು ಬಿಡಿಸಬಹುದು. ಅಮ್ಮ ಅದನ್ನ ನೋಡಿ, "ನಮ್ಮ ಪಾಕವೇ" ಅಂದರು.

ಪಾಲಿಯುರಿಥೇನಿಗೆ ನೀರು ಕಂಡರೆ ಆಗಲ್ಲ. ಗಾಳಿಯಲ್ಲಿನ ತೇವ ತಗುಲಿದರೂ ಒಳಗೆ ಇಂಗಾಲದ ಡೈಆಕ್ಸೈಡ್ ಹುಟ್ಟಿ, ಎರಕ ನೀರುದೋಸೆ ಥರ ತೂತುತೂತಾಗುತ್ತೆ. ಹಾಗಾಗಿ ಜುಲೈ, ಆಗಸ್ಟಿನ ಜಿಟಿಜಿಟಿ ದಿನಗಳಲ್ಲಿ ನಾನು ಬಾಟಲಿ ತೆರೆಯೋದೇ ಇಲ್ಲ, ಮಾಸ್ಟರ್ ಉಜ್ಜುತ್ತಾ ಕೂರ್ತೀನಿ. ಉಳಿದ ದಿನ ಹೊಯ್ಯೋ ಮೊದಲು ಅಚ್ಚಿಗೆ ಒಂಚೂರು ಟಾಲ್ಕಂ ಪೌಡರ್ ಹಚ್ಚಿ ಕೊಡವಿದರೆ ರೆಸಿನ್ ಸಂದುಗೊಂದಿಗೆಲ್ಲ ಹರಿಯುತ್ತೆ. ಇನ್ನೂ ಗಂಭೀರವಾಗಿ ಮಾಡೋರು ಪ್ರೆಶರ್ ಟ್ಯಾಂಕಿನೊಳಗೆ ಅಚ್ಚಿಟ್ಟು, ಒತ್ತಡದಲ್ಲಿ ಗುಳ್ಳೆಗಳನ್ನ ಕಾಣದಷ್ಟು ಸಣ್ಣದು ಮಾಡ್ತಾರೆ. ಈ ವಿಷಯ ಊಟದ ಹೊತ್ತಲ್ಲಿ ಹೇಳ್ತಿದ್ದಾಗ ಅಮ್ಮ ತಕ್ಷಣ, "ನನ್ನ ಕುಕ್ಕರ್ ಮುಟ್ಟಿದ್ರೆ ನೋಡು" ಅಂದರು. ಅಮ್ಮನ ಮಾತು ನೂರಕ್ಕೆ ನೂರು ಸರಿ. ಅಡುಗೆಮನೆಯ ಒಂದು ಚಮಚವೂ ಈ ಕೆಲಸಕ್ಕೆ ಬರಬಾರದು, ಈ ಕೆಲಸದ ಒಂದು ಲೋಟವೂ ಅಡುಗೆಮನೆಗೆ ಹೋಗಬಾರದು.

ಒಂದು ವಿಷಯ ಮಾತ್ರ ತಮಾಷೆಯಿಲ್ಲದೆ ಹೇಳ್ತೀನಿ. ಪಾಲಿಯುರಿಥೇನಿನ ಒಂದು ಬಾಟಲಿಯಲ್ಲಿರೋದು ಐಸೊಸಯನೇಟ್. ಅದರ ಆವಿಗೆ ಶ್ವಾಸಕೋಶ ಒಮ್ಮೆ ಅಲರ್ಜಿ ಬೆಳೆಸಿಕೊಂಡರೆ ಅಸ್ತಮಾ ಬರಬಹುದು, ಆಮೇಲೆ ಆ ವಸ್ತುವಿನ ಹತ್ತಿರ ಕೂಡ ಸುಳಿಯೋ ಹಾಗಿರಲ್ಲ. ಮೂಗಿಗೆ ವಾಸನೆ ಬಡಿಯಲಿಲ್ಲ ಅಂದಮಾತ್ರಕ್ಕೆ ಆವಿ ಇಲ್ಲ ಅಂತಲ್ಲ. ಬಾಲ್ಕನಿಯಲ್ಲಿ ಮಾಡಿ, ರಾಸಾಯನಿಕ ಆವಿ ತಡೆಯೋ ಕಾರ್ಟ್ರಿಜ್ ಇರೋ ಮಾಸ್ಕ್ ಹಾಕಿ, ನೈಟ್ರೈಲ್ ಕೈಗವಸು ಹಾಕಿ. ಕೊರೋನಾ ಕಾಲದ ಬಟ್ಟೆ ಮಾಸ್ಕ್ ಇದಕ್ಕೆ ಏನೂ ಪ್ರಯೋಜನ ಇಲ್ಲ. ಗಟ್ಟಿಯಾದದ್ದನ್ನ ಉಜ್ಜುವಾಗ ನೀರು ಹಾಕಿಕೊಂಡು ಉಜ್ಜಿ, ಧೂಳು ಏಳಬಾರದು. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ, ಗಾಳಿ ಆಡೋ ಜಾಗ ಇಲ್ಲದಿದ್ದರೆ, ಈ ಹವ್ಯಾಸ ಮುಂದಕ್ಕೆ ಹಾಕಿ. ಹಾಳೆ ಮಡಚಿ ಕಾರು ಮಾಡೋದೂ ಒಳ್ಳೇ ಹವ್ಯಾಸವೇ.

ಇನ್ನೊಂದು ಮರ್ಯಾದೆಯ ವಿಷಯ. ಯಾರೋ ತಿಂಗಳುಗಟ್ಟಲೆ ಕೂತು ಮಾಡಿ ಮಾರ್ತಿರೋ ಭಾಗವನ್ನ ಒಂದು ಕೊಂಡುಕೊಂಡು, ಅದಕ್ಕೇ ಅಚ್ಚು ಹೊಯ್ದು ಮಾರೋರು ಇದ್ದಾರೆ. ಅದು ಕಳ್ಳತನ. ಆದರೆ ಈ ಕಳ್ಳತನವನ್ನ ವಸ್ತುವೇ ಬಯಲು ಮಾಡುತ್ತೆ. ನಕಲಿನ ನಕಲು ಪ್ರತಿ ಸಲ ಒಂಚೂರು ಕುಗ್ಗುತ್ತೆ, ಅಂಚು ಮೊಂಡಾಗುತ್ತೆ, ಮೂಲದಲ್ಲಿದ್ದ ಒಂದು ಗುಳ್ಳೆ ಸಂತತಿಗೆಲ್ಲ ಹಬ್ಬುತ್ತೆ. ಅಚ್ಚಿಗೆ ಸ್ವಂತ ಬುದ್ಧಿ ಇಲ್ಲ. ಮುಂದೆ ಇಟ್ಟದ್ದನ್ನ ಬೆರಳಚ್ಚು ಸಮೇತ ಎತ್ತಿಕೊಳ್ಳುತ್ತೆ, ಇಡದೇ ಇದ್ದದ್ದನ್ನ ಸೇರಿಸಲ್ಲ.

ಈ ಮಾತು ನನಗೆ ಕಷ್ಟಕ್ಕೆ ತಂದಿದ್ದು ಕಾರಿನ ಮೈ ಮಾಡುವಾಗ. ಚಕ್ರ, ಬಂಪರ್, ಹೆಡ್‌ಲೈಟಿನ ಬಳೆ, ಗ್ರಿಲ್ ಎಲ್ಲ ಆದ ಮೇಲೆ ಮೈ. ಅದನ್ನ ಎರಕ ಹೊಯ್ಯೋ ಬದಲು ಫ್ಯಾಕ್ಟರಿಯ ದಾರಿಯಲ್ಲೇ ಮಾಡೋದು ಅಂತ ತೀರ್ಮಾನಿಸಿದೆ. ಮಾಸ್ಟರ್ ಮೇಲೆ ರಬ್ಬರ್ ಅಚ್ಚು ತೆಗೆದು, ಅದರೊಳಗೆ ಮೊದಲು ಒಂದು ಕೋಟು ಬರೀ ಎಪಾಕ್ಸಿ, ಅದು ಅಂಟಂಟಾದ ಮೇಲೆ ತೆಳ್ಳನೆಯ ಗಾಜಿನ ಬಟ್ಟೆ ಎರಡು ಪದರ. ಮೊದಲ ಕೋಟು ಯಾಕೆ ಅಂದ್ರೆ, ಬಟ್ಟೆಯ ನೇಯ್ಗೆ ಹೊರಗೆ ಕಾಣಬಾರದು. ನಿಜವಾದ ಫೈಬರ್ ಕಾರುಗಳಲ್ಲೂ ಅದೇ ಪದ್ಧತಿ, ಅದಕ್ಕೆ ಜೆಲ್ ಕೋಟ್ ಅಂತಾರೆ. ಮಾಸ್ಟರ್ ಮುಗಿಯೋ ಹಂತಕ್ಕೆ ಬಂದಾಗ ಅಪ್ಪನ ಕೈಗೆ ಕೊಟ್ಟೆ. ಅವರು ಎಡಗಡೆಯ ಮುಂದಿನ ಮಡ್‌ಗಾರ್ಡ್ ಮೇಲೆ ಬೆರಳಾಡಿಸಿ ಸುಮ್ಮನಾದರು. ಮತ್ತೆ ಅಲ್ಲೇ ಸವರಿದರು. "ತೇಪೆ ಎಲ್ಲಿ?" ಅಂದರು.

ಅಲ್ಲೊಂದು ತೇಪೆ ಇತ್ತು. 1993ರಲ್ಲಿ ಕ್ಯಾತ್ಸಂದ್ರದ ಹತ್ತಿರ ಒಂದು ಎಮ್ಮೆ ತಿರುಗಿ ನೋಡದೆ ರಸ್ತೆ ದಾಟಿತು. ಎಮ್ಮೆಗೆ ಏನೂ ಆಗಲಿಲ್ಲ. ಉಕ್ಕಿನ ಕಾರಾಗಿದ್ದರೆ ತಗ್ಗು ಬೀಳ್ತಿತ್ತು, ಫೈಬರ್ ತಗ್ಗಲ್ಲ, ಜೇಡರ ಬಲೆ ಥರ ಸೀಳು ಬಿಡುತ್ತೆ. ಅಪ್ಪ ತಾವೇ ಬೆಂಗಳೂರಿಗೆ ಬಂದು ಗಾಜಿನ ನಾರಿನ ಹಾಸು, ರೆಸಿನ್ ತಗೊಂಡು ಹೋಗಿ, ಎರಡು ಭಾನುವಾರ ಕೂತು ತೇಪೆ ಹಾಕಿದ್ದರು. ಅಂಗೈಯಗಲ, ಒಂಚೂರು ಉಬ್ಬು. ಗಾಡಿ ವಿಷಯದಲ್ಲಿ ಯಾರು ಏನೇ ಅಂದರೂ ಸುಮ್ಮನಿರ್ತಿದ್ದ ಅಪ್ಪ, ಆ ತೇಪೆಯನ್ನ ಮಾತ್ರ ಬಂದವರಿಗೆಲ್ಲ ಕರೆದು ತೋರಿಸ್ತಿದ್ದರು. "ಮಾರುತಿಯವರು ಮನೇಲಿ ಹೀಗೆ ಮಾಡ್ಕೊಳ್ಳಲಿ ನೋಡೋಣ" ಅಂತ.

ಮಾಸ್ಟರಿಗೆ ತೇಪೆ ಹಾಕಿದರೆ ಆ ಅಚ್ಚಿನಿಂದ ಹುಟ್ಟೋ ಪ್ರತಿ ಡಾಲ್ಫಿನ್ನಿಗೂ ಎಮ್ಮೆ ಗುದ್ದಿರುತ್ತೆ. ಹಾಕದಿದ್ದರೆ ಅದು ಯಾರದೋ ಕಾರು, ನಮ್ಮದಲ್ಲ. ನಾನು ಒಂದು ವಾರ ಅಚ್ಚು ಹೊಯ್ಯದೆ ಇಟ್ಟುಕೊಂಡಿದ್ದೆ. ಕೊನೆಗೆ ಅಪ್ಪನನ್ನೇ ಕೇಳಿದೆ. ಅವರು ಯೋಚನೆ ಮಾಡೋಕೆ ಹೆಚ್ಚು ಹೊತ್ತು ತಗೊಳ್ಳಲಿಲ್ಲ. "ಅಚ್ಚಲ್ಲಿ ಬೇಡ. ಫ್ಯಾಕ್ಟರಿಯಿಂದ ಬಂದಾಗ ಅದು ಚೆನ್ನಾಗೇ ಇತ್ತು. ಅದನ್ನ ಮಾಡಿದವರು ಚೆನ್ನಾಗೇ ಮಾಡಿದ್ದರು. ತೇಪೆ ನಂದು, ಅದನ್ನ ನನ್ನದಕ್ಕೆ ಮಾತ್ರ ಹಾಕು" ಅಂದರು. ಒಂದು ಅಚ್ಚು ಏನನ್ನ ಹೊರಬೇಕು, ಏನನ್ನ ಹೊರಬಾರದು ಅಂತ ಇಷ್ಟು ಚೆನ್ನಾಗಿ ಹೇಳಿದ್ದನ್ನ ನಾನು ಎಲ್ಲೂ ಓದಿಲ್ಲ.

ಹಾಗೆ ಈ ಮೇ ತಿಂಗಳಲ್ಲಿ ಅಚ್ಚಿನಿಂದ ಐದು ಮೈ ತೆಗೆದೆ. ರಬ್ಬರ್ ಅಚ್ಚಿಗೂ ಆಯಸ್ಸಿದೆ. ಪ್ರತಿ ಸಲ ರೆಸಿನ್ ಅದರೊಳಗಿನ ಎಣ್ಣೆಯಂಶವನ್ನ ಒಂಚೂರು ಹೀರುತ್ತೆ, ಕೊನೆಕೊನೆಗೆ ಒಣಗಿ ಹರಿಯತೊಡಗುತ್ತೆ. ಚಕ್ರದ ಅಚ್ಚು ಇಪ್ಪತ್ತು ದಾಟಿ ಈಗ ಅಂಚಿನಲ್ಲಿ ಸೀಳಿದೆ. ಪರವಾಗಿಲ್ಲ, ಮಾಸ್ಟರ್ ಇದೆ, ಇನ್ನೊಂದು ಹೊಯ್ಯಬಹುದು. ಐದರಲ್ಲಿ ಒಂದು ಅಪ್ಪನಿಗೆ, ಒಂದು ನನಗೆ. ಇನ್ನೊಂದು ಬ್ಯಾಂಕಿನ ಪಕ್ಕದ ಕೌಂಟರಿನವರಿಗೆ ಅಂತ ಅಪ್ಪ ಹಟ ಹಿಡಿದಿದ್ದಾರೆ. ಅವರೂ ರಿಟೈರಾಗಿ ಜಯನಗರದಲ್ಲಿದ್ದಾರೆ. "ಕೊಟ್ಟು ಬಾ. ಬಿಸಿಲಲ್ಲಿಟ್ಟು ನೋಡಲಿ, ಕರಗುತ್ತಾ ಅಂತ" ಅನ್ನೋದು ಅಪ್ಪನ ಸಂದೇಶ. ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟರೆ ತೆಳ್ಳನೆಯ ರೆಸಿನ್ ನಿಜವಾಗಲೂ ಬಾಗುತ್ತೆ. ಅದನ್ನ ಅಪ್ಪನಿಗೆ ಹೇಳೋ ಅಗತ್ಯ ನನಗೆ ಕಂಡಿಲ್ಲ, ಶೋಕೇಸಿನೊಳಗೇ ಇಡಿ ಅಂತ ಅವರಿಗೆ ಹೇಳಿದರಾಯ್ತು.

ಅಪ್ಪನ ಕಾರಿಗೆ ತೇಪೆ ಹಾಕಿದ್ದು ಕೊನೆಗೆ. ಅಂಗೈಯಗಲದ ತೇಪೆ 1:24ರಲ್ಲಿ ನಾಲ್ಕು ಮಿಲಿಮೀಟರ್, ಅಕ್ಕಿಕಾಳಿಗಿಂತ ಚಿಕ್ಕದು. ಗಾಜಿನ ಬಟ್ಟೆಯ ಒಂದು ಚೂರು ಚಿಮಟದಲ್ಲಿ ಹಿಡಿದು, ಟೂತ್‌ಪಿಕ್ ತುದಿಯಲ್ಲಿ ಎಪಾಕ್ಸಿ ಹಚ್ಚಿ ಕೂರಿಸಿ, ಮರುದಿನ ಮರಳು ಕಾಗದದಲ್ಲಿ ಎರಡೇ ಎರಡು ಸಲ ತೀಡಿ, ಕೆನೆ ಬಣ್ಣ ಹೊಡೆದು, ಒಣಗಿಸಿ ಕೈಗೆ ಕೊಟ್ಟೆ. ಅಪ್ಪ ಕಾರನ್ನ ಕೈ ಚಾಚಿ ಹಿಡಿದು ಬಹಳ ಹೊತ್ತು ನೋಡಿದರು. ಮುಂದಿನಿಂದ ಹಿಂದಿನವರೆಗೆ, ಒಂದೇ ನೋಟಕ್ಕೆ. ಆಮೇಲೆ ಕಣ್ಣು ಮುಚ್ಚಿ ಎಡಗಡೆಯ ಮಡ್‌ಗಾರ್ಡ್ ಮೇಲೆ ತೋರುಬೆರಳು ಇಟ್ಟರು.

"ಇನ್ನೊಂಚೂರು ಉಬ್ಬಿತ್ತು ಕಣೇ" ಅಂದರು.

ನಾನು ಎಪಾಕ್ಸಿ ಕಲಸಲು ಎದ್ದೆ.